ಕಾರ್ನೋಸಾರ್: ಅಲ್ಪ ಬಂಡವಾಳದ ಡೈನೋಸಾರ್ ಭಯಚಿತ್ರ

'ಕಾರ್ನೋಸಾರ್' 1993ರ ಮೇ ತಿಂಗಳಿನಲ್ಲಿ ತೆರೆಕಂಡ ಅಮೆರಿಕದ ಇಂಗ್ಲಿಷ್ ಚಲನಚಿತ್ರ. ವೈಜ್ಞಾನಿಕ ಕಲ್ಪನೆಯನ್ನೂ ಭಯಾನಕ ರಸವನ್ನೂ ಬೆರೆಸಿದ ಈ ಚಿತ್ರವನ್ನು ಆ್ಯಡಂ ಸೈಮನ್ ಬರೆದು ನಿರ್ದೇಶಿಸಿದರು. ಕಡಿಮೆ ಹಣದಲ್ಲಿ ಚಿತ್ರ ತೆಗೆಯುವುದಕ್ಕೆ ಹೆಸರಾದ ರೋಜರ್ ಕಾರ್ಮನ್ ಇದರ ನಿರ್ಮಾಣದ ಹಿಂದಿದ್ದರು. ಇದರ ವೆಚ್ಚ 10 ಲಕ್ಷ ಡಾಲರಿನ ಆಸುಪಾಸಿನಲ್ಲಿತ್ತು. ಅದೇ ವರ್ಷದ ಜೂನ್ 11ರಂದು ಬಿಡುಗಡೆಯಾದ ಸ್ಟೀವನ್ ಸ್ಪಿಲ್‌ಬರ್ಗ್ ಅವರ 'ಜುರಾಸಿಕ್ ಪಾರ್ಕ್' ಚಿತ್ರಕ್ಕೆ ತಗಲಿದ ವೆಚ್ಚ ಸುಮಾರು 6.3 ಕೋಟಿ ಡಾಲರ್. ಒಂದೇ ಪ್ರಾಣಿಯನ್ನು ಒಂದೇ ಋತುವಿನಲ್ಲಿ ತೆರೆಗೆ ತಂದ ಎರಡು ಚಿತ್ರಗಳ ನಡುವೆ ಹಣದ ಅಂತರ ಹೆಚ್ಚುಕಡಿಮೆ ಅರವತ್ತು ಪಟ್ಟು.

ಈ ಅಂತರವೇ 'ಕಾರ್ನೋಸಾರ್' ಚಿತ್ರವನ್ನು ಅಧ್ಯಯನಕ್ಕೆ ಯೋಗ್ಯವಾಗಿಸುತ್ತದೆ. ಹಣವಿಲ್ಲದವನು ದೈತ್ಯಪ್ರಾಣಿಯನ್ನು ತೆರೆಯ ಮೇಲೆ ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆಗೆ ಈ ಪ್ರಕಾರದ ಚಿತ್ರಗಳು ಕೊಟ್ಟ ಉತ್ತರ ಕೊನೆಗೂ ಗೊಂಬೆಯಾಟದ ಉತ್ತರ. ಬಳ್ಳಾರಿ ಸೀಮೆಯ ತೊಗಲುಗೊಂಬೆಯವರಿಗೆ ಅದು ತಲೆಮಾರುಗಳಿಂದ ಗೊತ್ತಿರುವ ವಿದ್ಯೆ.

ಪ್ರಕಾರದ ಸ್ವರೂಪ

ವಿಜ್ಞಾನದ ಒಂದು ಊಹೆಯನ್ನು ಆಧಾರವಾಗಿಟ್ಟುಕೊಂಡು, ಅದರಿಂದ ಹುಟ್ಟುವ ಅನಾಹುತವನ್ನು ಭಯ ಹುಟ್ಟಿಸುವಂತೆ ನಿರೂಪಿಸುವ ಚಿತ್ರಕ್ಕೆ ವೈಜ್ಞಾನಿಕ ಭಯಚಿತ್ರ ಎನ್ನಬಹುದು. ಇಂಗ್ಲಿಷಿನಲ್ಲಿ ಇದು ಸೈನ್ಸ್ ಫಿಕ್ಷನ್ ಹಾರರ್. ಶುದ್ಧ ಭೂತದ ಕಥೆಯಲ್ಲಿ ಕೇಡಿನ ಮೂಲ ಅತೃಪ್ತ ಆತ್ಮವಾದರೆ, ಇಲ್ಲಿ ಅದು ಪ್ರಯೋಗಾಲಯ. ಮಂತ್ರವಾದಿಯ ಜಾಗದಲ್ಲಿ ವಿಜ್ಞಾನಿ ಇರುತ್ತಾನೆ. ಮಂತ್ರದ ಜಾಗದಲ್ಲಿ ವಿಕಿರಣ, ವಂಶವಾಹಿ ಅಥವಾ ವೈರಾಣು ಇರುತ್ತದೆ.

ಅಲ್ಪ ಬಂಡವಾಳದ ಚಿತ್ರಗಳಿಗೆ ಅಮೆರಿಕದಲ್ಲಿ 'ಬಿ-ಮೂವಿ' ಎಂಬ ಹೆಸರಿದೆ. 1930ರ ದಶಕದಲ್ಲಿ ಅಲ್ಲಿನ ಚಿತ್ರಮಂದಿರಗಳು ಒಂದೇ ಟಿಕೆಟಿಗೆ ಎರಡು ಚಿತ್ರ ತೋರಿಸುವ ಪದ್ಧತಿಯನ್ನು ತಂದವು. ಮುಖ್ಯ ಚಿತ್ರದ ಜೊತೆಗೆ ಓಡುತ್ತಿದ್ದ, ಅಗ್ಗವಾಗಿ ಮತ್ತು ಬೇಗನೆ ತೆಗೆದ ಎರಡನೆಯ ಚಿತ್ರವೇ 'ಬಿ' ಎನಿಸಿಕೊಂಡಿತು. ಆ ಪದ್ಧತಿ ಹೋದ ಮೇಲೂ ಹೆಸರು ಉಳಿಯಿತು. 1980ರ ದಶಕದಲ್ಲಿ ವೀಡಿಯೊ ಕ್ಯಾಸೆಟ್ ಬಂದಾಗ ಇಂಥ ಚಿತ್ರಗಳಿಗೆ ಹೊಸ ಮಾರುಕಟ್ಟೆ ದೊರಕಿತು. ಬಾಡಿಗೆ ಅಂಗಡಿಯ ಕಪಾಟಿನಲ್ಲಿ ಗಿರಾಕಿಯ ಕಣ್ಣು ಮೊದಲು ಬೀಳುವುದು ಕ್ಯಾಸೆಟ್ಟಿನ ಹೊದಿಕೆಯ ಮೇಲೆ. ಹೊದಿಕೆಯಲ್ಲಿ ಬಾಯ್ದೆರೆದ ಡೈನೋಸಾರ್ ಇದ್ದರೆ ಅರ್ಧ ವ್ಯಾಪಾರ ಮುಗಿದಂತೆ.

ಹಿನ್ನೆಲೆ

ಡೈನೋಸಾರ್ ತೆರೆಗೆ ಬಂದದ್ದು ಮೂಕಿ ಚಿತ್ರಗಳ ಕಾಲದಲ್ಲಿ. ವಿನ್ಸರ್ ಮೆಕೇ 1914ರಲ್ಲಿ 'ಗರ್ಟಿ' ಎಂಬ ಡೈನೋಸಾರನ್ನು ಕೈಯಿಂದ ಬಿಡಿಸಿದ ಚಿತ್ರಗಳ ಮೂಲಕ ಚಲಿಸುವಂತೆ ಮಾಡಿದರು. 1925ರ 'ದಿ ಲಾಸ್ಟ್ ವರ್ಲ್ಡ್' ಮತ್ತು 1933ರ 'ಕಿಂಗ್ ಕಾಂಗ್' ಚಿತ್ರಗಳಲ್ಲಿ ವಿಲಿಸ್ ಒಬ್ರಯನ್ ಅವರು ಸಣ್ಣ ಗೊಂಬೆಗಳನ್ನು ಬಳಸಿದರು. ಗೊಂಬೆಯನ್ನು ಕೂದಲೆಳೆಯಷ್ಟು ಕದಲಿಸಿ ಒಂದು ಚೌಕಟ್ಟು ತೆಗೆಯುವುದು, ಮತ್ತೆ ಕದಲಿಸಿ ಇನ್ನೊಂದು ತೆಗೆಯುವುದು ಅವರ ವಿಧಾನ. ಸೆಕೆಂಡಿಗೆ 24 ಚೌಕಟ್ಟಿನಂತೆ ಒಂದು ನಿಮಿಷದ ದೃಶ್ಯಕ್ಕೆ 1,440 ಚೌಕಟ್ಟುಗಳು ಬೇಕು. ಈ ವಿಧಾನಕ್ಕೆ ಹಣಕ್ಕಿಂತ ಹೆಚ್ಚಾಗಿ ಕಾಲ ಮತ್ತು ತಾಳ್ಮೆ ಬೇಕು. ಅಗ್ಗದ ನಿರ್ಮಾಪಕರ ಬಳಿ ಅವೆರಡೂ ಇರುತ್ತಿರಲಿಲ್ಲ.

ಜಪಾನಿನಲ್ಲಿ 1954ರ 'ಗೋಜಿರಾ' ಇನ್ನೊಂದು ದಾರಿ ತೋರಿಸಿತು. ಅಲ್ಲಿ ಪ್ರಾಣಿಯ ವೇಷವನ್ನು ಮನುಷ್ಯನೇ ತೊಟ್ಟು, ಪುಟ್ಟದಾಗಿ ಕಟ್ಟಿದ ನಗರವನ್ನು ತುಳಿದನು. ಹರೂವೊ ನಕಜಿಮಾ ತೊಟ್ಟ ಆ ವೇಷ ಸುಮಾರು 100 ಕಿಲೋ ತೂಗುತ್ತಿತ್ತು. ಎಲ್ಲಕ್ಕಿಂತ ಅಗ್ಗದ ದಾರಿ ಹಿಡಿದದ್ದು 1955ರ 'ಕಿಂಗ್ ಡೈನೋಸಾರ್'. ಅದರಲ್ಲಿ ಜೀವಂತ ಇಗ್ವಾನಾ ಹಲ್ಲಿಯನ್ನೇ ಹತ್ತಿರದಿಂದ ಚಿತ್ರೀಕರಿಸಿ ಟೈರನೋಸಾರಸ್ ಎಂದು ತೋರಿಸಲಾಯಿತು.

ಹೀಗೆ 1993ರ ಹೊತ್ತಿಗೆ ಡೈನೋಸಾರ್ ಮಾಡುವುದಕ್ಕೆ ಚಿತ್ರ ಬರೆಯುವುದು, ಗೊಂಬೆ ಕದಲಿಸುವುದು, ವೇಷ ತೊಡುವುದು ಮತ್ತು ಹಲ್ಲಿ ಹಿಡಿಯುವುದು ಎಂಬ ನಾಲ್ಕು ದಾರಿಗಳು ಬಳಕೆಯಲ್ಲಿದ್ದವು. ಯಂತ್ರಗೊಂಬೆ ಐದನೆಯದಾಗಿ ಸೇರಿತ್ತು. ಆರನೆಯದಾದ ಗಣಕಚಿತ್ರವನ್ನು 'ಜುರಾಸಿಕ್ ಪಾರ್ಕ್' ದೊಡ್ಡ ಪ್ರಮಾಣದಲ್ಲಿ ತಂದಿತು.

ಕಾದಂಬರಿ ಮತ್ತು ನಿರ್ಮಾಣ

ಚಿತ್ರದ ಹೆಸರು ಮತ್ತು ಮೂಲ ಕಲ್ಪನೆ 1984ರಲ್ಲಿ ಪ್ರಕಟವಾದ 'ಕಾರ್ನೋಸಾರ್' ಕಾದಂಬರಿಯವು. ಅದನ್ನು ಬರೆದವರು ಆಸ್ಟ್ರೇಲಿಯಾ ಮೂಲದ ಲೇಖಕ ಜಾನ್ ಬ್ರಾಸ್ನನ್. ಪುಸ್ತಕದ ಮೇಲೆ ಅಚ್ಚಾದದ್ದು ಹ್ಯಾರಿ ಆ್ಯಡಂ ನೈಟ್ ಎಂಬ ಕಾವ್ಯನಾಮ. ಇಂಗ್ಲೆಂಡಿನ ಗ್ರಾಮಾಂತರದಲ್ಲಿ ಸಿರಿವಂತನೊಬ್ಬನ ಖಾಸಗಿ ಮೃಗಾಲಯದಿಂದ ಡೈನೋಸಾರ್‌ಗಳು ತಪ್ಪಿಸಿಕೊಳ್ಳುವುದು ಅದರ ಕಥೆ. ಮೈಕೇಲ್ ಕ್ರೈಟನ್ ಅವರ 'ಜುರಾಸಿಕ್ ಪಾರ್ಕ್' ಕಾದಂಬರಿ ಪ್ರಕಟವಾದದ್ದು 1990ರಲ್ಲಿ. ಆದ್ದರಿಂದ ಕಾರ್ಮನ್ ಅವರ ಚಿತ್ರವನ್ನು ಸ್ಪಿಲ್‌ಬರ್ಗ್ ಚಿತ್ರದ ನಕಲು ಎಂದು ಕರೆಯುವುದು ಪೂರ್ತಿ ನ್ಯಾಯವಲ್ಲ. ಮೂಲ ಕೃತಿ ಆರು ವರ್ಷ ಹಳೆಯದು. ಆದರೆ ಚಿತ್ರ ತೆಗೆಯುವ ಕಾಲವನ್ನು ಆರಿಸಿಕೊಂಡದ್ದು ವ್ಯಾಪಾರದ ಲೆಕ್ಕಾಚಾರದಿಂದ. ದೊಡ್ಡ ಚಿತ್ರದ ಪ್ರಚಾರ ಜನರಲ್ಲಿ ಎಬ್ಬಿಸಿದ ಡೈನೋಸಾರ್ ಕುತೂಹಲವನ್ನು ಅದಕ್ಕಿಂತ ಕೆಲವು ವಾರ ಮೊದಲೇ ಬಂದು ಕೊಯ್ದುಕೊಳ್ಳುವುದು ನಿರ್ಮಾಪಕರ ಉದ್ದೇಶವಾಗಿತ್ತು.

ರೋಜರ್ ಕಾರ್ಮನ್ (1926–2024) ಈ ಬಗೆಯ ಲೆಕ್ಕಾಚಾರದಲ್ಲಿ ಪಳಗಿದವರು. ಅವರ 1960ರ 'ದಿ ಲಿಟಲ್ ಶಾಪ್ ಆಫ್ ಹಾರರ್ಸ್' ಚಿತ್ರದ ಮುಖ್ಯ ಚಿತ್ರೀಕರಣ ಎರಡೇ ದಿನಗಳಲ್ಲಿ ಮುಗಿದಿತ್ತು. ನೂರು ಚಿತ್ರ ತೆಗೆದರೂ ಬಿಡಿಗಾಸು ಕಳೆದುಕೊಳ್ಳಲಿಲ್ಲ ಎಂಬ ಅರ್ಥದ ಹೆಸರನ್ನೇ ಅವರು 1990ರ ತಮ್ಮ ಆತ್ಮಕಥೆಗೆ ಇಟ್ಟರು. ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ, ಮಾರ್ಟಿನ್ ಸ್ಕೋರ್ಸೆಸಿ, ಜೇಮ್ಸ್ ಕ್ಯಾಮರಾನ್, ರಾನ್ ಹೋವರ್ಡ್ ಮುಂತಾದವರು ತಮ್ಮ ಆರಂಭದ ದಿನಗಳಲ್ಲಿ ಅವರ ಬಳಿ ಕೆಲಸ ಮಾಡಿದರು. 2009ರಲ್ಲಿ ಕಾರ್ಮನ್ ಅವರಿಗೆ ಗೌರವ ಆಸ್ಕರ್ ಸಂದಿತು.

ಪಾತ್ರವರ್ಗದಲ್ಲಿ ಪ್ರಸಿದ್ಧರೆಂದರೆ ವಿಜ್ಞಾನಿಯ ಪಾತ್ರ ವಹಿಸಿದ ಡಯಾನ್ ಲ್ಯಾಡ್. ಅವರ ಮಗಳು ಲಾರಾ ಡರ್ನ್ ಅದೇ ವರ್ಷ 'ಜುರಾಸಿಕ್ ಪಾರ್ಕ್' ಚಿತ್ರದ ನಾಯಕಿ. ಒಂದೇ ಬೇಸಿಗೆಯಲ್ಲಿ ತಾಯಿ ಅಗ್ಗದ ಡೈನೋಸಾರಿನ ಜೊತೆಗೂ ಮಗಳು ದುಬಾರಿ ಡೈನೋಸಾರಿನ ಜೊತೆಗೂ ಕಾಣಿಸಿಕೊಂಡರು. ರಾಫೇಲ್ ಸ್ಬಾರ್ಜ್, ಜೆನಿಫರ್ ರನ್ಯನ್, ಹ್ಯಾರಿಸನ್ ಪೇಜ್ ಮತ್ತು ಕ್ಲಿಂಟ್ ಹೋವರ್ಡ್ ಇತರ ಮುಖ್ಯ ಕಲಾವಿದರು.

ಕಥಾಸಾರ

ಅಮೆರಿಕದ ನೆವಾಡ ಮರುಭೂಮಿಯ ಒಂದು ಸಣ್ಣ ಊರಿನ ಬಳಿ ಕಂಪನಿಯೊಂದು ಕೋಳಿಗಳ ಮೇಲೆ ತಳಿ ಸಂಶೋಧನೆ ನಡೆಸುತ್ತಿರುತ್ತದೆ. ಸಂಶೋಧನೆಯ ಮುಖ್ಯಸ್ಥೆ ಡಾ. ಜೇನ್ ಟಿಪ್‌ಟ್ರೀ ಹೊರಗೆ ಯಾರನ್ನೂ ಕಾಣದೆ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಇರುತ್ತಾಳೆ. ಮನುಷ್ಯಕುಲ ಭೂಮಿಯನ್ನು ಹಾಳು ಮಾಡಿದೆ, ಅದರ ಜಾಗವನ್ನು ಮರಳಿ ಡೈನೋಸಾರ್‌ಗಳಿಗೆ ಒಪ್ಪಿಸಬೇಕು ಎಂಬುದು ಅವಳ ಹಟ. ಅದಕ್ಕಾಗಿ ಅವಳು ಒಂದು ವೈರಾಣುವನ್ನು ರೂಪಿಸುತ್ತಾಳೆ. ಅದು ಕೋಳಿಮೊಟ್ಟೆಯ ಮೂಲಕ ಊರಿಗೆ ಹರಡಿ, ಸೋಂಕು ತಗಲಿದ ಹೆಂಗಸರ ಗರ್ಭದಲ್ಲಿ ಡೈನೋಸಾರ್ ಬೆಳೆಯುವಂತೆ ಮಾಡುತ್ತದೆ.

ಇತ್ತ ಕೋಳಿ ಸಾಗಿಸುವ ಲಾರಿಯಿಂದ ತಪ್ಪಿಸಿಕೊಂಡ ಡೈನೋನಿಕಸ್ ಎಂಬ ಬೇಟೆಗಾರ ಪ್ರಾಣಿ ಒಬ್ಬೊಬ್ಬರನ್ನೇ ಕೊಲ್ಲುತ್ತದೆ. ಮಣ್ಣು ಅಗೆಯುವ ಯಂತ್ರಗಳ ಕಾವಲುಗಾರ ಡಾಕ್ ಸ್ಮಿತ್ ಮತ್ತು ಪರಿಸರ ಹೋರಾಟಗಾರ್ತಿ ಥ್ರಶ್ ಸತ್ಯವನ್ನು ಪತ್ತೆ ಹಚ್ಚುತ್ತಾರೆ. ಕೊನೆಯ ಭಾಗದಲ್ಲಿ ನಾಯಕ, ಜೆಸಿಬಿಯ ತಮ್ಮನಂತಿರುವ ಚಿಕ್ಕ ಮಣ್ಣೆತ್ತುವ ಯಂತ್ರವನ್ನೇರಿ ಟೈರನೋಸಾರಸ್ ವಿರುದ್ಧ ಸೆಣಸುತ್ತಾನೆ. ಆದರೂ ಅಂತ್ಯ ಸುಖಕರವಲ್ಲ. ಸೋಂಕನ್ನು ಅಡಗಿಸಲು ಬಂದ ಸೈನಿಕರು ಬದುಕುಳಿದ ನಾಯಕ ನಾಯಕಿಯರನ್ನೂ ಕೊಂದು ಸುಡುತ್ತಾರೆ. ಡೈನೋಸಾರ್‌ಗಿಂತ ಮನುಷ್ಯನ ವ್ಯವಸ್ಥೆಯೇ ಹೆಚ್ಚು ನಿಷ್ಕರುಣಿ ಎಂಬ ಈ ಮುಕ್ತಾಯ ದೊಡ್ಡ ಬಂಡವಾಳದ ಚಿತ್ರಗಳಲ್ಲಿ ಅಪರೂಪ. ಕೋಟಿಗಟ್ಟಲೆ ಹಣ ಹೂಡಿದವನು ಪ್ರೇಕ್ಷಕನನ್ನು ಇಷ್ಟು ಕಹಿಯಾಗಿ ಮನೆಗೆ ಕಳಿಸುವ ಧೈರ್ಯ ಮಾಡುವುದಿಲ್ಲ.

ಡೈನೋಸಾರ್ ತಯಾರಾಗುವ ಬಗೆ

ಚಿತ್ರದ ಪ್ರಾಣಿಗಳನ್ನು ರೂಪಿಸಿದವರು ವಿಶೇಷ ಪರಿಣಾಮಗಳ ಕಲಾವಿದ ಜಾನ್ ಕಾರ್ಲ್ ಬ್ಯೂಕ್ಲರ್. ಅವರು ಕೈಗೊಂಬೆ, ಮನುಷ್ಯ ತೊಡುವ ವೇಷ ಮತ್ತು ದೊಡ್ಡ ಗಾತ್ರದ ಯಂತ್ರಗೊಂಬೆಗಳನ್ನು ಸಂದರ್ಭಕ್ಕೆ ತಕ್ಕಂತೆ ಬಳಸಿದರು.

ಯಂತ್ರಗೊಂಬೆಯನ್ನು ಇಂಗ್ಲಿಷಿನಲ್ಲಿ ಆ್ಯನಿಮೆಟ್ರಾನಿಕ್ ಎನ್ನುತ್ತಾರೆ. ಅದರ ಒಳಗೆ ಲೋಹದ ಎಲುಬುಗೂಡು, ಮೇಲೆ ಸ್ಪಂಜಿನಂಥ ರಬ್ಬರಿನ ಚರ್ಮ. ಸಣ್ಣ ಗೊಂಬೆಯಲ್ಲಿ ತುಟಿ, ರೆಪ್ಪೆ, ಬೆರಳುಗಳನ್ನು ಆಡಿಸಲು ತಂತಿಗಳಿರುತ್ತವೆ. ಸೈಕಲ್ಲಿನ ಬ್ರೇಕನ್ನು ನೆನೆಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹ್ಯಾಂಡಲ್ ಬಳಿಯ ಹಿಡಿಯನ್ನು ಒತ್ತಿದರೆ ಕೊಳವೆಯೊಳಗಿನ ತಂತಿ ಎಳೆದು ದೂರದ ಚಕ್ರವನ್ನು ಹಿಡಿಯುತ್ತದೆ. ಅದೇ ರೀತಿ ಕ್ಯಾಮೆರಾದ ಹಿಂದೆ ಕುಳಿತವನು ಹಿಡಿ ಒತ್ತಿದರೆ ಗೊಂಬೆಯ ದವಡೆ ತೆರೆಯುತ್ತದೆ. ದೊಡ್ಡ ಗೊಂಬೆಯ ಕುತ್ತಿಗೆ ಮತ್ತು ಮೈ ಎತ್ತಲು ತಂತಿಯ ಬಲ ಸಾಲದು. ಅಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ಎತ್ತುವ ಮಾದರಿಯ ಎಣ್ಣೆಯೊತ್ತಡದ ದಂಡಗಳು ಬೇಕಾಗುತ್ತವೆ.

ಗೊಂಬೆಯನ್ನು ಮಾಡುವುದಕ್ಕಿಂತ ಅದಕ್ಕೆ ತೂಕ ಬರಿಸುವುದು ಕಠಿಣ. ದೊಡ್ಡ ಪ್ರಾಣಿ ನಿಧಾನವಾಗಿ ಚಲಿಸುತ್ತದೆ ಎಂಬುದು ನಮ್ಮ ಕಣ್ಣಿಗೆ ಅಭ್ಯಾಸವಾಗಿರುವ ನಿಯಮ. ಇದರ ಹಿಂದೆ ಸರಳ ಭೌತಶಾಸ್ತ್ರವಿದೆ. 16 ಅಡಿ ಎತ್ತರದಿಂದ ಬಿದ್ದ ಕಲ್ಲು ನೆಲ ಮುಟ್ಟಲು ಸುಮಾರು 1 ಸೆಕೆಂಡ್ ಬೇಕು. 1 ಅಡಿ ಎತ್ತರದಿಂದ ಬಿದ್ದ ಕಲ್ಲಿಗೆ ಕಾಲು ಸೆಕೆಂಡ್ ಸಾಕು. ಒಂದು ಅಡಿಯ ಗೊಂಬೆ ಬೀಳುವುದನ್ನು ಮಾಮೂಲಿ ವೇಗದಲ್ಲಿ ಚಿತ್ರೀಕರಿಸಿದರೆ ಅದು 6 ಚೌಕಟ್ಟುಗಳಲ್ಲಿ ಮುಗಿದು, ಆಟಿಕೆ ಉರುಳಿದಂತೆ ಕಾಣುತ್ತದೆ. ಅದನ್ನೇ ಸೆಕೆಂಡಿಗೆ 96 ಚೌಕಟ್ಟಿನ ವೇಗದಲ್ಲಿ ತೆಗೆದು 24ರ ವೇಗದಲ್ಲಿ ತೋರಿಸಿದರೆ ಬೀಳುವ ಕ್ರಿಯೆ ಒಂದು ಸೆಕೆಂಡಿಗೆ ಹಿಗ್ಗುತ್ತದೆ. ಆಗ ಗೊಂಬೆ 16 ಅಡಿಯ ಪ್ರಾಣಿಯಂತೆ ಉರುಳುತ್ತದೆ. ಗಾತ್ರ ಎಷ್ಟು ಪಟ್ಟು ಹಿಗ್ಗಬೇಕೋ ಆ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ಕ್ಯಾಮೆರಾ ವೇಗವಾಗಬೇಕು ಎಂಬುದು ಇಲ್ಲಿನ ಸೂತ್ರ. 16ರ ವರ್ಗಮೂಲ 4. 24ರ ನಾಲ್ಕು ಪಟ್ಟು 96.

ಗೊಂಬೆ ಮತ್ತು ಅದರ ತೂಕದ ನಂತರ ಮೂರನೆಯ ಅಂಶ ಧ್ವನಿ. 'ಗೋಜಿರಾ' ಚಿತ್ರದ ಸಂಗೀತಕಾರ ಅಕಿರಾ ಇಫುಕುಬೆ, ರಾಳ ಬಳಿದ ಚರ್ಮದ ಕೈಗವಸಿನಿಂದ ದೊಡ್ಡ ತಂತಿವಾದ್ಯದ ತಂತಿಯನ್ನು ಉಜ್ಜಿ ಪ್ರಾಣಿಯ ಗರ್ಜನೆಯನ್ನು ಹುಟ್ಟಿಸಿದರು. 'ಜುರಾಸಿಕ್ ಪಾರ್ಕ್' ಚಿತ್ರದ ಟೈರನೋಸಾರಸ್ ಕೂಗಿನಲ್ಲಿ ಆನೆಮರಿ, ಹುಲಿ ಮತ್ತು ಮೊಸಳೆ ಜಾತಿಯ ಪ್ರಾಣಿಗಳ ದನಿಗಳು ಬೆರೆತಿವೆ. ಡೈನೋಸಾರ್ ಹೇಗೆ ಕೂಗುತ್ತಿತ್ತು ಎಂಬುದನ್ನು ಕೇಳಿದವರಿಲ್ಲ. ಆದ್ದರಿಂದ ಈ ಒಂದು ವಿಷಯದಲ್ಲಿ ಬಡ ಚಿತ್ರ ಮತ್ತು ಸಿರಿವಂತ ಚಿತ್ರ ಎರಡೂ ಸಮಾನ.

ಮರೆಮಾಡುವ ಕಲೆ ಮತ್ತು ತೊಗಲುಗೊಂಬೆ

ಅಲ್ಪ ಬಂಡವಾಳದ ದೈತ್ಯಚಿತ್ರದ ಮುಖ್ಯ ಸೂತ್ರ ಕಡಿಮೆ ತೋರಿಸುವುದು. ಪೂರ್ತಿ ಬೆಳಕಿನಲ್ಲಿ ಪೂರ್ತಿ ದೇಹ ಕಂಡರೆ ರಬ್ಬರಿನ ಹೊಲಿಗೆ ಕಾಣುತ್ತದೆ. ಆದ್ದರಿಂದ ದೃಶ್ಯಗಳು ರಾತ್ರಿಯಲ್ಲಿ ನಡೆಯುತ್ತವೆ, ಹೊಗೆ ಕವಿಯುತ್ತದೆ, ಒಂದು ಉಗುರು, ಒಂದು ಕಣ್ಣು, ಒಂದು ಬಾಲದ ತುದಿ ಮಾತ್ರ ಹಾದುಹೋಗುತ್ತದೆ. ಪ್ರಾಣಿಯ ಬದಲು ಅದನ್ನು ಕಂಡವನ ಮುಖವನ್ನು ತೋರಿಸುವುದು ಇನ್ನೂ ಅಗ್ಗ. ದೊಡ್ಡ ಚಿತ್ರಗಳೂ ಈ ಸೂತ್ರವನ್ನು ಬಿಟ್ಟಿಲ್ಲ. ಎರಡು ಗಂಟೆ ಮೀರಿದ 'ಜುರಾಸಿಕ್ ಪಾರ್ಕ್' ಚಿತ್ರದಲ್ಲಿ ಡೈನೋಸಾರ್ ಕಾಣಿಸುವುದು ಒಟ್ಟು 15 ನಿಮಿಷದಷ್ಟು ಮಾತ್ರ. ಅದರಲ್ಲೂ ಹೆಚ್ಚಿನ ಪಾಲು ಯಂತ್ರಗೊಂಬೆಯದು, ಉಳಿದದ್ದು ಗಣಕಚಿತ್ರದ್ದು.

ಈ ಸೂತ್ರವನ್ನು ಕಣ್ಣಾರೆ ಕಾಣಲು ಬಳ್ಳಾರಿ ಜಿಲ್ಲೆಯಲ್ಲಿ ಒಳ್ಳೆಯ ಸಾಧನವೊಂದಿದೆ. ಅದು ಕಿಳ್ಳೇಕ್ಯಾತ ಸಮುದಾಯ ಉಳಿಸಿಕೊಂಡು ಬಂದ ತೊಗಲುಗೊಂಬೆಯಾಟ. ಹದ ಮಾಡಿ ತೆಳುವಾಗಿಸಿದ ಚರ್ಮದ ಮೇಲೆ ಚಿತ್ರ ಬರೆದು, ಬಣ್ಣ ಹಾಕಿ, ಒಡವೆಗಳ ಗೆರೆಗಳಲ್ಲಿ ಸಣ್ಣ ತೂತುಗಳನ್ನು ಕೊರೆಯುತ್ತಾರೆ. ಬಿಳಿ ಪರದೆಯ ಹಿಂದೆ ದೀಪ, ದೀಪಕ್ಕೂ ಪರದೆಗೂ ನಡುವೆ ಗೊಂಬೆ. ಗೊಂಬೆ ಪರದೆಗೆ ಅಂಟಿಕೊಂಡಿದ್ದಾಗ ಗೆರೆಗಳು ಸ್ಪಷ್ಟ, ಬಣ್ಣ ನಿಚ್ಚಳ. ಅದನ್ನು ದೀಪದ ಕಡೆಗೆ ಮೆಲ್ಲನೆ ಹಿಂದಕ್ಕೆ ಸರಿಸಿದಂತೆ ನೆರಳು ಹಿಗ್ಗುತ್ತದೆ, ಅಂಚು ಕದಡುತ್ತದೆ, ಬಣ್ಣ ಮಸುಕಾಗುತ್ತದೆ. ಒಂದು ಮೊಳದ ಗೊಂಬೆ ಪರದೆಯನ್ನೆಲ್ಲ ತುಂಬಿ ನಿಲ್ಲುತ್ತದೆ. ಸ್ಪಷ್ಟತೆ ಕಳೆದಷ್ಟೂ ಗಾತ್ರ ಬೆಳೆಯುತ್ತದೆ ಎಂಬ ಈ ಅನುಭವವೇ ಹೊಗೆ ಮತ್ತು ಕತ್ತಲೆಯಲ್ಲಿ ರಬ್ಬರ್ ಡೈನೋಸಾರ್ ದೈತ್ಯವಾಗುವುದರ ಗುಟ್ಟು.

ಬಳ್ಳಾರಿಯ ಹೆಸರಾಂತ ತೊಗಲುಗೊಂಬೆ ಕಲಾವಿದರು 2023ರಲ್ಲಿ ನಿಧನರಾದ ಬೆಳಗಲ್ಲು ವೀರಣ್ಣ. ರಾಮಾಯಣದ ಪ್ರಸಂಗಗಳ ಜೊತೆಗೆ ಗಾಂಧೀಜಿಯ ಬದುಕನ್ನೂ ಅವರು ತೊಗಲುಗೊಂಬೆಗಳಲ್ಲಿ ಆಡಿಸಿದರು. ಹಳೆಯ ಸಾಧನದಲ್ಲಿ ಹೊಸ ವಸ್ತುವನ್ನು ತರಬಹುದು ಎಂಬುದಕ್ಕೆ ಅದು ನಿದರ್ಶನ.

ಬಯಲಾಟದ ಸಂಪ್ರದಾಯದಲ್ಲೂ ಇದಕ್ಕೆ ಸಮಾನವಾದ ಕ್ರಮವಿದೆ. ರಾಕ್ಷಸ ಪಾತ್ರ ನೇರವಾಗಿ ರಂಗಕ್ಕೆ ನುಗ್ಗುವುದಿಲ್ಲ. ಇಬ್ಬರು ಹಿಡಿದ ಕೈತೆರೆಯ ಹಿಂದೆ ಮೊದಲು ಅಬ್ಬರ ಕೇಳುತ್ತದೆ, ಆಮೇಲೆ ಕಿರೀಟ ಕಾಣುತ್ತದೆ, ತೆರೆ ಸರಿಯುವುದು ಕೊನೆಗೆ. ಅಷ್ಟು ಹೊತ್ತಿಗೆ ಮುಂದಿನ ಸಾಲಿನ ಮಕ್ಕಳು ಅರ್ಧ ಎದ್ದು ನಿಂತಿರುತ್ತಾರೆ.

ಚಿತ್ರದ ವಿಜ್ಞಾನ: ಸರಿ ಎಷ್ಟು, ತಪ್ಪು ಎಷ್ಟು

'ಕಾರ್ನೋಸಾರ್' ಎಂದರೆ ಮಾಂಸಾಹಾರಿ ಹಲ್ಲಿ. ಕಾರ್ನೋಸಾರಿಯ ಎಂಬ ಹೆಸರಿನ ಡೈನೋಸಾರ್ ಗುಂಪು ನಿಜವಾಗಿಯೂ ಇದೆ. ಆ್ಯಲೋಸಾರಸ್ ಅದಕ್ಕೆ ಸೇರಿದ್ದು. ಆದರೆ ಇಂದಿನ ವರ್ಗೀಕರಣದ ಪ್ರಕಾರ ಚಿತ್ರದಲ್ಲಿ ಬರುವ ಟೈರನೋಸಾರಸ್ ಆಗಲಿ ಡೈನೋನಿಕಸ್ ಆಗಲಿ ಆ ಗುಂಪಿನವಲ್ಲ. ಹೀಗಾಗಿ ಚಿತ್ರದ ಹೆಸರಿನಲ್ಲಿರುವ ಪ್ರಾಣಿ ಚಿತ್ರದಲ್ಲಿ ಇಲ್ಲ.

ಕೋಳಿಯ ಸಂಬಂಧ ಮಾತ್ರ ಗಟ್ಟಿಯಾದದ್ದು. ಹಕ್ಕಿಗಳು ಎರಡು ಕಾಲಿನ ಮಾಂಸಾಹಾರಿ ಡೈನೋಸಾರ್‌ಗಳ ವಂಶದವು ಎಂಬುದನ್ನು ಇಂದು ವಿಜ್ಞಾನಲೋಕ ಒಪ್ಪಿದೆ. ಈ ವಿಚಾರಕ್ಕೆ ಮರುಜೀವ ಬಂದದ್ದು ಜಾನ್ ಆಸ್ಟ್ರಮ್ 1969ರಲ್ಲಿ ಡೈನೋನಿಕಸ್ ಪ್ರಾಣಿಯನ್ನು ವರ್ಣಿಸಿದ ಮೇಲೆ. ಇದನ್ನು ಪರೀಕ್ಷಿಸಲು ವಸ್ತುಸಂಗ್ರಹಾಲಯಕ್ಕೆ ಹೋಗಬೇಕಾಗಿಲ್ಲ. ಸಿರುಗುಪ್ಪ ತಾಲ್ಲೂಕಿನ ಸಿರಿಗೇರಿಯಂಥ ಊರಿನ ಹಿತ್ತಲಲ್ಲಿ ತಿಪ್ಪೆ ಕೆದರುವ ಜವಾರಿ ಕೋಳಿಯ ಕಾಲನ್ನು ಬಗ್ಗಿ ನೋಡಿದರೆ ಸಾಕು. ಮೊಣಕಾಲಿನಂತೆ ಹಿಂದಕ್ಕೆ ಮಡಚುವ ಭಾಗ ನಿಜದಲ್ಲಿ ಅದರ ಹಿಮ್ಮಡಿಯ ಗಂಟು. ಅದರಿಂದ ಕೆಳಕ್ಕೆ ಪುಕ್ಕವಿಲ್ಲ, ಹಳದಿ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಹುರುಪೆಗಳಿವೆ. ಮೂರು ಬೆರಳು ಮುಂದಕ್ಕೆ, ಒಂದು ಹಿಂದಕ್ಕೆ, ತುದಿಗೆ ಬಾಗಿದ ಉಗುರು. ಮಾಂಸಾಹಾರಿ ಡೈನೋಸಾರ್‌ಗಳು ಕೆಸರಿನಲ್ಲಿ ಬಿಟ್ಟುಹೋದ ಮೂರು ಬೆರಳಿನ ಹೆಜ್ಜೆಗುರುತು ಇದೇ ಆಕಾರದ್ದು.

ಕೋಳಿಯೊಳಗೆ ಮಲಗಿರುವ ಹಳೆಯ ಗುಣಗಳನ್ನು ಎಬ್ಬಿಸುವ ಪ್ರಯೋಗಗಳೂ ನಡೆದಿವೆ. ಒಂದು ಬಗೆಯ ವಂಶವಾಹಿ ದೋಷವುಳ್ಳ ಕೋಳಿಭ್ರೂಣದಲ್ಲಿ ಹಲ್ಲಿನಂಥ ರಚನೆ ಮೂಡುವುದನ್ನು 2006ರಲ್ಲಿ ವರದಿ ಮಾಡಲಾಯಿತು. 2015ರಲ್ಲಿ ಭರತ್ ಅಂಜನ್ ಭುಲ್ಲರ್ ಮತ್ತು ಸಂಗಡಿಗರು ಕೋಳಿಭ್ರೂಣದ ಕೊಕ್ಕಿನ ಬೆಳವಣಿಗೆಯನ್ನು ತಡೆದು ಡೈನೋಸಾರ್ ಮೂತಿಯನ್ನು ಹೋಲುವ ಎಲುಬಿನ ರಚನೆಯನ್ನು ಕಂಡರು. ಆದರೆ ಇವು ಭ್ರೂಣದ ಹಂತದ ಅಧ್ಯಯನಗಳು. ಇಲ್ಲಿಂದ ಜೀವಂತ ಡೈನೋಸಾರ್‌ವರೆಗಿನ ದಾರಿ ತೆರೆದಿಲ್ಲ.

ಹಳೆಯ ಡಿಎನ್‌ಎ ಹುಡುಕಿ ಡೈನೋಸಾರ್ ಮಾಡುವುದೂ ಅಸಾಧ್ಯ. ನ್ಯೂಜಿಲೆಂಡಿನ ಮೋವಾ ಹಕ್ಕಿಯ ಎಲುಬುಗಳನ್ನು ಆಧರಿಸಿದ 2012ರ ಅಧ್ಯಯನವೊಂದು, ಎಲುಬಿನಲ್ಲಿರುವ ಡಿಎನ್‌ಎ ಬಂಧಗಳಲ್ಲಿ ಅರ್ಧದಷ್ಟು ಸುಮಾರು 521 ವರ್ಷಗಳಲ್ಲಿ ಮುರಿಯುತ್ತವೆ ಎಂದು ಲೆಕ್ಕ ಹಾಕಿತು. 2022ರಲ್ಲಿ ಗ್ರೀನ್‌ಲೆಂಡಿನ ಹೆಪ್ಪುಗಟ್ಟಿದ ಮಣ್ಣಿನಲ್ಲಿ ದೊರೆತ ಸುಮಾರು 20 ಲಕ್ಷ ವರ್ಷ ಹಳೆಯ ಡಿಎನ್‌ಎ ತುಣುಕುಗಳು ದಾಖಲೆಯೆನಿಸಿದವು. ಕೊನೆಯ ಡೈನೋಸಾರ್ ಸತ್ತದ್ದು 6.6 ಕೋಟಿ ವರ್ಷಗಳ ಹಿಂದೆ.

ಬಳ್ಳಾರಿಯ ಶಿಲೆ ಮತ್ತು ಭಾರತದ ಡೈನೋಸಾರ್

ಚಿತ್ರ ನೋಡಿದ ವಿದ್ಯಾರ್ಥಿಗೆ ತನ್ನ ಊರಿನ ನೆಲದಲ್ಲೂ ಡೈನೋಸಾರ್ ಎಲುಬು ಇರಬಹುದೇ ಎಂಬ ಪ್ರಶ್ನೆ ಸಹಜ. ಬಳ್ಳಾರಿ ಸುತ್ತಿನ ಬೆಟ್ಟಗಳ ಮಟ್ಟಿಗೆ ಉತ್ತರ ಇಲ್ಲ ಎಂದೇ. ಬಳ್ಳಾರಿ ಕೋಟೆಯನ್ನು ಹೊತ್ತ ಬಂಡೆಗುಡ್ಡದಂಥ ಕಣಶಿಲೆಗಳು ಸುಮಾರು 250 ಕೋಟಿ ವರ್ಷ ಹಳೆಯವು. ಸಂಡೂರಿನ ಅದಿರು ಬೆಟ್ಟಗಳ ಶಿಲೆಗಳು ಅವುಗಳಿಗಿಂತಲೂ ಹಿರಿಯವು. ಡೈನೋಸಾರ್‌ಗಳು ಕಾಣಿಸಿಕೊಂಡದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಆ ಪ್ರಾಣಿಗಳು ಹುಟ್ಟುವ ಹೊತ್ತಿಗೆ ಈ ಬಂಡೆಗಳು ಇನ್ನೂರು ಕೋಟಿ ವರ್ಷ ದಾಟಿದ್ದವು. ಮೇಲಾಗಿ, ಕರಗಿದ ದ್ರವ ಆರಿ ಗಟ್ಟಿಯಾದ ಕಣಶಿಲೆಯಲ್ಲಿ ಎಲುಬು ಉಳಿಯುವುದಿಲ್ಲ. ಪಳೆಯುಳಿಕೆ ಉಳಿಯಲು ಕೆಸರು ಅಥವಾ ಮರಳು ಪದರ ಪದರವಾಗಿ ಕೂತು ಕಲ್ಲಾಗಬೇಕು.

ಈ ನೆಲದಲ್ಲಿ ಸಿಗುವುದು ಮನುಷ್ಯನ ಹಳೆಯ ಗುರುತುಗಳು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963–64ರಲ್ಲಿ ನಡೆದ ಉತ್ಖನನ ನವಶಿಲಾಯುಗದ ವಸತಿಯನ್ನು ಬೆಳಕಿಗೆ ತಂದಿತು. ಬಳ್ಳಾರಿ ಸಮೀಪದ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡಗಳಲ್ಲಿ ಅದೇ ಯುಗದ ಜನರು ಡುಬ್ಬದ ಎತ್ತುಗಳ ಚಿತ್ರಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಕೆಲವು ಸಾವಿರ ವರ್ಷಗಳ ಹಿಂದಿನ ಆ ಕಲಾವಿದರು ಕಂಡದ್ದು ದನಗಳನ್ನು. ಡೈನೋಸಾರ್‌ಗೂ ಅವರಿಗೂ ನಡುವೆ ಕೋಟಿಗಟ್ಟಲೆ ವರ್ಷಗಳ ಅಂತರವಿದೆ. ಗುಹಾಮಾನವನೂ ಡೈನೋಸಾರೂ ಒಟ್ಟಿಗೆ ಓಡಾಡುವ ಚಿತ್ರಗಳ ಮೂಲಭೂತ ತಪ್ಪು ಇಲ್ಲಿ ಅರಿವಾಗುತ್ತದೆ.

ಭಾರತದ ಡೈನೋಸಾರ್‌ಗಳು ದೊರೆತದ್ದು ಬೇರೆಡೆ. ಜಬಲ್ಪುರದ ಬಳಿ 1828ರಲ್ಲಿ ಸಿಕ್ಕ ಎಲುಬುಗಳನ್ನು ಆಧರಿಸಿ ರಿಚರ್ಡ್ ಲೈಡೆಕ್ಕರ್ 1877ರಲ್ಲಿ 'ಟೈಟನೋಸಾರಸ್ ಇಂಡಿಕಸ್' ಎಂಬ ಹೆಸರಿಟ್ಟರು. ಗುಜರಾತಿನ ಬಾಲಾಸಿನೋರ್ ಬಳಿಯ ರೈಯೋಲಿಯಲ್ಲಿ ಎಲುಬುಗಳ ಜೊತೆಗೆ ಮೊಟ್ಟೆಗಳೂ ದೊರೆತಿವೆ. ನರ್ಮದಾ ಕಣಿವೆಯ ಮಾಂಸಾಹಾರಿ 'ರಾಜಾಸಾರಸ್ ನರ್ಮದೆನ್ಸಿಸ್' 2003ರಲ್ಲಿ ನಾಮಕರಣಗೊಂಡಿತು. ಕರ್ನಾಟಕದೊಳಗೆ ಡೈನೋಸಾರ್‌ಗಳ ಅಂತ್ಯಕಾಲದ ಸಾಕ್ಷಿಯೆಂದರೆ ಬೆಳಗಾವಿ, ವಿಜಯಪುರ, ಕಲಬುರಗಿ ಭಾಗದ ಕಪ್ಪು ಬಸಾಲ್ಟ್ ಹಾಸು. ಆ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ.

ಸ್ವೀಕಾರ ಮತ್ತು ಮರುಬಳಕೆ

ವಿಮರ್ಶಕರು ಚಿತ್ರವನ್ನು ಬಹುಮಟ್ಟಿಗೆ ತಳ್ಳಿಹಾಕಿದರು. ಅಮೆರಿಕದ ಪ್ರಸಿದ್ಧ ವಿಮರ್ಶಕ ಜೋಡಿಯಲ್ಲಿ ರೋಜರ್ ಎಬರ್ಟ್ ಕಟುವಾಗಿ ತೆಗಳಿದರೆ ಜೀನ್ ಸಿಸ್ಕೆಲ್ ಮೆಚ್ಚಿದರು. ಚಿತ್ರ ಹಾಕಿದ ಹಣವನ್ನು ಹಿಂದಿರುಗಿಸಿತು. ಹೀಗಾಗಿ 1995ರಲ್ಲಿ 'ಕಾರ್ನೋಸಾರ್ 2', 1996ರಲ್ಲಿ 'ಕಾರ್ನೋಸಾರ್ 3' ಬಂದವು.

ಕಾರ್ಮನ್ ಅವರ ಪದ್ಧತಿಯಲ್ಲಿ ಒಮ್ಮೆ ಮಾಡಿದ ಗೊಂಬೆ ಒಂದೇ ಚಿತ್ರಕ್ಕೆ ಮೀಸಲಾಗುವುದಿಲ್ಲ. ಈ ಡೈನೋಸಾರ್‌ಗಳು 1994ರ 'ಡೈನೋಸಾರ್ ಐಲೆಂಡ್' ಚಿತ್ರದಲ್ಲಿ ಮತ್ತೆ ಕಾಣಿಸಿಕೊಂಡವು. 2001ರ 'ರ‍್ಯಾಪ್ಟರ್' ಚಿತ್ರಕ್ಕೆ ಹಳೆಯ ದೃಶ್ಯದ ತುಣುಕುಗಳನ್ನೇ ಜೋಡಿಸಿಕೊಳ್ಳಲಾಯಿತು. ಮೇಳದ ಪೆಟ್ಟಿಗೆಯಲ್ಲಿರುವ ಒಂದೇ ರಾಕ್ಷಸಗೊಂಬೆ ಈ ರಾತ್ರಿ ಒಬ್ಬ ರಕ್ಕಸನಾಗಿ, ಮರುರಾತ್ರಿ ಇನ್ನೊಬ್ಬನಾಗಿ ಪರದೆಗೆ ಬರುವ ಕ್ರಮ ಇದಕ್ಕೆ ಹತ್ತಿರವಾದದ್ದು.

ಕನ್ನಡದ ಸಂದರ್ಭ

'ಜುರಾಸಿಕ್ ಪಾರ್ಕ್' ಭಾರತದಲ್ಲಿ 1994ರಲ್ಲಿ ಹಿಂದಿ ಡಬ್ಬಿಂಗಿನೊಂದಿಗೆ ಬಂದು ಯಶಸ್ವಿಯಾಯಿತು. ಕನ್ನಡದಲ್ಲಿ ಆಗ ಡಬ್ಬಿಂಗಿಗೆ ಅಘೋಷಿತ ತಡೆ ಇದ್ದುದರಿಂದ ಆ ಚಿತ್ರ ಕನ್ನಡ ಮಾತಿನಲ್ಲಿ ಬರಲಿಲ್ಲ. ಆ ತಡೆಯ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ನೀಡಿತು.

ಕಡಿಮೆ ಸಾಧನದಲ್ಲಿ ಭಯ ಮತ್ತು ಕಲ್ಪನೆಯನ್ನು ಕಟ್ಟುವ ಯತ್ನಗಳು ಕನ್ನಡದಲ್ಲೂ ನಡೆದಿವೆ. 'ಕಾರ್ನೋಸಾರ್' ಬಂದ 1993ರಲ್ಲೇ ಉಪೇಂದ್ರ ನಿರ್ದೇಶನದ 'ಶ್!' ತೆರೆಕಂಡಿತು. ಸಿನಿಮಾ ಚಿತ್ರೀಕರಣದ ತಂಡವೊಂದಕ್ಕೆ ಎದುರಾಗುವ ಭೀತಿ ಅದರ ವಸ್ತು. 2002ರ 'ಹಾಲಿವುಡ್' ಚಿತ್ರದಲ್ಲಿ ಅದೇ ಉಪೇಂದ್ರ ಯಂತ್ರಮಾನವನ ಪಾತ್ರ ವಹಿಸಿದರು. ಪವನ್ ಕುಮಾರ್ ಸಾರ್ವಜನಿಕರಿಂದ 51 ಲಕ್ಷ ರೂಪಾಯಿ ಸಂಗ್ರಹಿಸಿ ತೆಗೆದ, ಕನಸು ಮತ್ತು ಮಾತ್ರೆಯ ಕಥೆಯುಳ್ಳ 'ಲೂಸಿಯಾ' 2013ರಲ್ಲಿ ತೆರೆಕಂಡಿತು. ವಿಜ್ಞಾನದ ಬೆರಗನ್ನು ದೈತ್ಯನಿಲ್ಲದೆಯೇ ಕಟ್ಟಬಹುದು ಎಂಬುದಕ್ಕೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾದಂಬರಿ ಸಾಕ್ಷಿ. ಅಲ್ಲಿ ಹುಡುಕಾಟದ ಗುರಿ ಗೇಣುದ್ದದ ಹಾರುವ ಓತಿ.

ಉಪಯೋಗ

ಗಣಕಚಿತ್ರ ಅಗ್ಗವಾದ ಇಂದಿನ ದಿನಗಳಲ್ಲೂ ಯಂತ್ರಗೊಂಬೆಯ ವಿದ್ಯೆ ಮರೆಯಾಗಿಲ್ಲ. ವಿಜ್ಞಾನ ಕೇಂದ್ರಗಳಲ್ಲಿ ಮತ್ತು ವಸ್ತುಪ್ರದರ್ಶನಗಳಲ್ಲಿ ತಲೆಯಾಡಿಸಿ ಗರ್ಜಿಸುವ ಡೈನೋಸಾರ್‌ಗಳು ಅದೇ ಲೋಹದ ಗೂಡು ಮತ್ತು ರಬ್ಬರ್ ಚರ್ಮದ ಪ್ರಾಣಿಗಳು. ಗೊಂಬೆಯ ಚಲನೆಗೆ ತೂಕ ಕೊಡುವ ವರ್ಗಮೂಲದ ಸೂತ್ರವನ್ನು ಮೊಬೈಲ್ ಫೋನಿನ ನಿಧಾನಗತಿಯ ಚಿತ್ರೀಕರಣದಲ್ಲಿ ಶಾಲಾಮಕ್ಕಳೂ ಪರೀಕ್ಷಿಸಬಹುದು. ಒಂದು ಅಡಿ ಎತ್ತರದ ಮಣ್ಣಿನ ಗೊಂಬೆ, ಹಿಂದೆ ಒಂದು ದೀಪ, ಮುಂದೆ ಒಂದು ಬಿಳಿ ಪಂಚೆ ಇದ್ದರೆ ನೆರಳು ಹಿಗ್ಗಿಸುವ ಪ್ರಯೋಗಕ್ಕೂ ಬೇಕಾದದ್ದೆಲ್ಲ ದೊರೆತಂತೆ.